ಎಂಜಿನ್ ಕಂಪ್ಯೂಟರಿನ ಕಪ್ಲರುಗಳ ಆರೈಕೆ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟ ಮತ್ತು ಸುತ್ತಮುತ್ತಲ ಗ್ರಾಮಗಳಲ್ಲಿ ಭತ್ತ, ಕಬ್ಬು, ರಾಗಿ ಮತ್ತು ತೆಂಗು ಮುಖ್ಯ ಬೆಳೆಗಳು. ಗದ್ದೆಯನ್ನು ಕೆಸರು ಮಾಡುವುದರಿಂದ ಹಿಡಿದು ಎಳನೀರನ್ನು ಮದ್ದೂರಿನ ಮಾರುಕಟ್ಟೆಗೆ ಸಾಗಿಸುವವರೆಗೆ ಹೆಚ್ಚಿನ ಕೆಲಸಗಳು ಇಂದು ಟ್ರ್ಯಾಕ್ಟರ್, ಕಟಾವು ಯಂತ್ರ ಹಾಗೂ ಪಿಕಪ್ ಗಾಡಿಗಳನ್ನು ಅವಲಂಬಿಸಿವೆ. ಈ ಗಾಡಿಗಳ ಎಂಜಿನ್ನುಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ದೊಡ್ಡ ಬದಲಾವಣೆಯಾಗಿದೆ. ಹೊಗೆಯ ಪ್ರಮಾಣವನ್ನು ಕಡಿಮೆ ಮಾಡುವ ಉದ್ದೇಶದಿಂದ ಬಿ.ಎಸ್.-4 ನಿಯಮಗಳು 2017ರ ಏಪ್ರಿಲ್ 1ರಿಂದಲೂ, ಬಿ.ಎಸ್.-6 ನಿಯಮಗಳು 2020ರ ಏಪ್ರಿಲ್ 1ರಿಂದಲೂ ದೇಶದಾದ್ಯಂತ ಜಾರಿಗೆ ಬಂದವು. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ನಿಯಮಗಳು 2023ರ ಜನವರಿ 1ರಿಂದ ಅನ್ವಯವಾದವು. ಇದರ ಫಲವಾಗಿ ಹೊಸ ಪಿಕಪ್ ಗಾಡಿ, ದೊಡ್ಡ ಟ್ರ್ಯಾಕ್ಟರ್ ಮತ್ತು ಮೋಟಾರ್ ಸೈಕಲುಗಳಲ್ಲಿ ಎಂಜಿನ್ನಿಗೆ ಎಷ್ಟು ಇಂಧನ ಬೇಕು, ಯಾವ ಕ್ಷಣದಲ್ಲಿ ಬೇಕು ಎಂಬುದನ್ನು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಇ.ಸಿ.ಎಂ. ಅಥವಾ ಇ.ಸಿ.ಯು. ಎಂದು ಕರೆಯುತ್ತಾರೆ.

ಗಾಡಿ ದಾರಿಯಲ್ಲಿ ನಿಂತಾಗ ಅಥವಾ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಾಗ "ಕಂಪ್ಯೂಟರ್ ಹೋಗಿದೆ, ಬದಲಿಸಬೇಕು" ಎಂಬ ಮಾತು ಬಹು ಬೇಗ ಕೇಳಿಬರುತ್ತದೆ. ಹೊಸ ಕಂಪ್ಯೂಟರಿನ ಬೆಲೆ ಅನೇಕ ಗಾಡಿಗಳಲ್ಲಿ ಹತ್ತಾರು ಸಾವಿರ ರೂಪಾಯಿಗಳಾಗುತ್ತದೆ. ಅದು ಬರುವವರೆಗೆ ಗಾಡಿ ನಿಲ್ಲುತ್ತದೆ, ಕಟಾವಿಗೆ ಬಂದ ಬೆಳೆಯೂ ನಿಲ್ಲುತ್ತದೆ. ಆದರೆ ಲೋಹದ ಪೆಟ್ಟಿಗೆಯೊಳಗೆ ಭದ್ರವಾಗಿರುವ ಕಂಪ್ಯೂಟರ್ ತಾನಾಗಿ ಕೆಡುವುದು ಅಪರೂಪ. ಅದಕ್ಕಿಂತ ಹೆಚ್ಚಾಗಿ ಕೆಡುವುದು ಅದಕ್ಕೆ ಸುದ್ದಿ ತರುವ ಮತ್ತು ಅದರಿಂದ ಆಜ್ಞೆ ಒಯ್ಯುವ ವೈರುಗಳು ಹಾಗೂ ಆ ವೈರುಗಳನ್ನು ಜೋಡಿಸುವ ಕಪ್ಲರುಗಳು. ಬೆಳೆಯ ಎಲೆ ಹಳದಿಯಾದಾಗಲೆಲ್ಲ ಯೂರಿಯಾ ಸುರಿಯುವುದು ಹೇಗೆ ಸರಿಯಲ್ಲವೋ, ಮೊದಲು ಗದ್ದೆಯಲ್ಲಿ ನೀರು ನಿಂತು ಬೇರು ಕೊಳೆತಿದೆಯೇ ಎಂದು ಹೇಗೆ ನೋಡಬೇಕೋ, ಹಾಗೆಯೇ ಕಂಪ್ಯೂಟರನ್ನು ದೂರುವ ಮೊದಲು ಅದರ ಜೋಡಣೆಗಳನ್ನು ಪರೀಕ್ಷಿಸಬೇಕು.

ಕಂಪ್ಯೂಟರ್ ಕೆಲಸ ಮಾಡುವ ಬಗೆ

ಎಂಜಿನ್ನಿನ ವಿವಿಧ ಭಾಗಗಳಲ್ಲಿ ಸೆನ್ಸರುಗಳಿರುತ್ತವೆ. ಒಂದು ಸೆನ್ಸರ್ ರೇಡಿಯೇಟರ್ ನೀರಿನ ಶಾಖವನ್ನು, ಇನ್ನೊಂದು ಒಳಬರುವ ಗಾಳಿಯ ಒತ್ತಡವನ್ನು, ಮತ್ತೊಂದು ಕ್ರ್ಯಾಂಕಿನ ವೇಗವನ್ನು, ಮಗದೊಂದು ಆಕ್ಸಿಲರೇಟರನ್ನು ಎಷ್ಟು ಒತ್ತಲಾಗಿದೆ ಎಂಬುದನ್ನು ಅಳೆಯುತ್ತದೆ. ಕಂಪ್ಯೂಟರ್ ಹೆಚ್ಚಿನ ಸೆನ್ಸರುಗಳಿಗೆ ಕೇವಲ 5 ವೋಲ್ಟ್ ವಿದ್ಯುತ್ ಕಳುಹಿಸಿ, ಅದು ಎಷ್ಟಾಗಿ ಹಿಂದಿರುಗುತ್ತದೆ ಎಂಬುದರಿಂದ ಸುದ್ದಿಯನ್ನು ತಿಳಿಯುತ್ತದೆ. ಅನಂತರ ಇಂಜೆಕ್ಟರುಗಳಿಗೆ ಆಜ್ಞೆ ಕಳುಹಿಸುತ್ತದೆ. ಹೆಡ್‌ಲೈಟಿನ ವೈರಿನಲ್ಲಿ ಅಲ್ಪಸ್ವಲ್ಪ ಕಿಲುಬು ಇದ್ದರೆ ದೀಪ ಮಂಕಾಗಿಯಾದರೂ ಉರಿಯುತ್ತದೆ. ಆದರೆ ಸೆನ್ಸರಿನ ವೈರಿನಲ್ಲಿ ಹರಿಯುವ ವಿದ್ಯುತ್ ಅತಿ ಸೂಕ್ಷ್ಮವಾದ್ದರಿಂದ ಅದರ ಪಿನ್ನಿನ ಮೇಲೆ ಕಿಲುಬು ಕಟ್ಟಿದರೆ ಸುದ್ದಿಯೇ ತಪ್ಪಾಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನೀರಿನ ಶಾಖವನ್ನು ಅಳೆಯುವ ಸೆನ್ಸರಿನ ವಿದ್ಯುತ್ ನಿರೋಧ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ಶಾಖ ಏರಿದಂತೆ ನಿರೋಧ ಇಳಿಯುತ್ತದೆ. ಎಂಜಿನ್ 80 ಡಿಗ್ರಿಗೆ ಕಾದಿದೆ ಎಂದಿಟ್ಟುಕೊಳ್ಳೋಣ. ಕಪ್ಲರಿನ ಪಿನ್ನಿನಲ್ಲಿ ಕಿಲುಬು ಕಟ್ಟಿ 1,000 ಓಮ್ ನಿರೋಧ ಸೇರಿಕೊಂಡರೆ ಕಂಪ್ಯೂಟರಿಗೆ ಕಾಣುವುದು 1,300 ಓಮ್. ಆಗ ಅದು ಎಂಜಿನ್ ಇನ್ನೂ 40 ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ಲೆಕ್ಕ ಹಾಕಿ, ತಣ್ಣನೆಯ ಎಂಜಿನ್ನಿಗೆ ಕೊಡುವಂತೆ ಇಂಧನವನ್ನು ಕೊಡುತ್ತದೆ. ಮೈಲೇಜ್ ಕಡಿಮೆಯಾಗುತ್ತದೆ, ಹೊಗೆ ಹೆಚ್ಚುತ್ತದೆ. ಇಲ್ಲಿ ಕಂಪ್ಯೂಟರಿನ ತಪ್ಪೂ ಇಲ್ಲ, ಸೆನ್ಸರಿನ ತಪ್ಪೂ ಇಲ್ಲ. ಇವೆರಡನ್ನೂ ಬದಲಿಸಿದರೂ ಕಿಲುಬು ಹಿಡಿದ ಪಿನ್ನು ಉಳಿದಿದ್ದರೆ ತೊಂದರೆಯೂ ಉಳಿಯುತ್ತದೆ.

ಜೋಡಣೆ ಕೆಡಲು ಕಾರಣಗಳು

1. ಅಲುಗಾಟ: ಕಪ್ಲರಿನ ಪಿನ್ನುಗಳಿಗೆ ಸಾಮಾನ್ಯವಾಗಿ ತವರದ ಕಲಾಯಿ ಇರುತ್ತದೆ. ಎಂಜಿನ್ನಿನ ನಡುಕಕ್ಕೆ ಗಂಡು ಪಿನ್ನು ಮತ್ತು ಹೆಣ್ಣು ಪಿನ್ನು ಕೂದಲೆಳೆಯಷ್ಟು ಉಜ್ಜಾಡುತ್ತವೆ. ಉಜ್ಜಿದಲ್ಲೆಲ್ಲ ಕಲಾಯಿ ಸವೆದು ಕಪ್ಪು ಪುಡಿಯಾಗುತ್ತದೆ. ಈ ಪುಡಿ ವಿದ್ಯುತ್ತನ್ನು ತಡೆಯುತ್ತದೆ. ರೋಟವೇಟರ್ ಹೊಡೆಯುವ ಟ್ರ್ಯಾಕ್ಟರುಗಳಲ್ಲಿ ಮತ್ತು ಗುಂಡಿಬಿದ್ದ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಈ ಸವೆತ ಬೇಗ ಕಾಣಿಸಿಕೊಳ್ಳುತ್ತದೆ.

2. ನೀರು ಮತ್ತು ಕೆಸರು: ಎಂಜಿನ್ ಕಾದಿರುವಾಗ ಕಪ್ಲರಿನೊಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ಆ ಸಮಯದಲ್ಲಿ ತಣ್ಣೀರು ಸುರಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ರಬ್ಬರ್ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಸರುಗದ್ದೆಯ ಕೆಲಸ ಮುಗಿಸಿ ಬಂದ ಕೂಡಲೇ ಪಂಪಿನ ನೀರಿನಿಂದ ಎಂಜಿನ್ ತೊಳೆಯುವ ರೂಢಿಯಿಂದ ಆಗುವ ಹಾನಿ ಇದೇ.

3. ಗೊಬ್ಬರ ಮತ್ತು ಗಂಜಲ: ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ. ಅದರ ಧೂಳು ಗಾಳಿಯ ತೇವವನ್ನು ಹೀರಿ ಪಿನ್ನುಗಳನ್ನು ತಿನ್ನುತ್ತದೆ. ಕೊಟ್ಟಿಗೆಯಲ್ಲಿ ದನಗಳ ಗಂಜಲದಿಂದ ಹೊರಡುವ ಅಮೋನಿಯ ತಾಮ್ರ ಮತ್ತು ಹಿತ್ತಾಳೆಗಳಿಗೆ ಶತ್ರು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಭಾರತದ ಸೈನ್ಯದ ಕುದುರೆ ಲಾಯಗಳ ಬಳಿ ಶೇಖರಿಸಿಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರುಕುಬಿಡುತ್ತಿದ್ದವು. ಲಾಯದ ಅಮೋನಿಯವೇ ಇದಕ್ಕೆ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ದನದ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಈ ವಿಷಯವನ್ನು ನೆನಪಿಡಬೇಕು.

4. ಇಲಿ, ಹೆಗ್ಗಣ: ಇವುಗಳ ಮುಂಬಲ್ಲು ಸದಾ ಬೆಳೆಯುವುದರಿಂದ ಏನನ್ನಾದರೂ ಕಡಿಯುತ್ತಲೇ ಇರಬೇಕು. ಹುಲ್ಲಿನ ಮೆದೆ ಅಥವಾ ಭತ್ತದ ಚೀಲಗಳ ಬಳಿ ವಾರಗಟ್ಟಲೆ ನಿಂತ ಗಾಡಿಯ ಬೆಚ್ಚನೆಯ ಎಂಜಿನ್ ಭಾಗ ಅವುಗಳಿಗೆ ಒಳ್ಳೆಯ ಗೂಡಾಗುತ್ತದೆ.

5. ಮನುಷ್ಯನ ಕೈ: ಪರೀಕ್ಷೆ ಮಾಡುವಾಗ ಮಲ್ಟಿಮೀಟರಿನ ದಪ್ಪ ಮೊನೆಯನ್ನು ಹೆಣ್ಣು ಪಿನ್ನಿನೊಳಗೆ ತುರುಕಿದರೆ ಅದರ ಬಾಯಿ ಅಗಲವಾಗಿ ಹಿಡಿತ ಸಡಿಲವಾಗುತ್ತದೆ. ವೈರಿನ ಮೇಲ್ಪದರಕ್ಕೆ ಸೂಜಿ ಚುಚ್ಚಿದರೆ ಆ ತೂತಿನಿಂದ ನೀರು ಇಳಿದು ಕೆಲವು ತಿಂಗಳುಗಳಲ್ಲಿ ಒಳಗಿನ ತಾಮ್ರ ಹಸಿರುಪುಡಿಯಾಗುತ್ತದೆ. ಇಂದಿನ ಪರೀಕ್ಷೆಯೇ ನಾಳೆಯ ದೋಷವಾಗುತ್ತದೆ.

ದೋಷವನ್ನು ಗುರುತಿಸುವುದು ಹೇಗೆ?

ಒಂದು ಭಾಗ ನಿಜವಾಗಿಯೂ ಸುಟ್ಟುಹೋಗಿದ್ದರೆ ತೊಂದರೆ ಸಾಮಾನ್ಯವಾಗಿ ಒಂದೇ ರೀತಿ ಇರುತ್ತದೆ. ಜೋಡಣೆಯ ದೋಷ ಹಾಗಲ್ಲ. ಬೆಳಿಗ್ಗೆ ಇದ್ದು ಮಧ್ಯಾಹ್ನ ಮಾಯವಾಗುತ್ತದೆ. ಮಳೆ ಬಂದ ಮರುದಿನ ಕಾಣಿಸಿಕೊಳ್ಳುತ್ತದೆ. ಹಳ್ಳ ದಾಟುವಾಗ ಎಂಜಿನ್ ಮುಗ್ಗರಿಸಿ ಮತ್ತೆ ಸರಿಯಾಗುತ್ತದೆ. ತೊಳೆದ ದಿನವೇ ದೀಪ ಹೊತ್ತಿಕೊಳ್ಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಒಟ್ಟಿಗೆ ಕಾಣಿಸಿಕೊಂಡರೆ ಅವೆಲ್ಲಕ್ಕೂ ಸೇರಿದ ಒಂದು ಅರ್ಥ್ ಬೋಲ್ಟು ಅಥವಾ ಒಂದು ಫ್ಯೂಸಿನ ಜೋಡಣೆ ಸಡಿಲವಾಗಿರುವ ಸಂಭವ ಹೆಚ್ಚು. ಇಂತಹ ಲಕ್ಷಣಗಳನ್ನು ಚಾಲಕನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಉಳಿಯುತ್ತದೆ.

ಪರೀಕ್ಷಾ ಯಂತ್ರವನ್ನು ಗಾಡಿಗೆ ಜೋಡಿಸಿದಾಗ ಅದು ಒಂದು ದೋಷಸಂಖ್ಯೆಯನ್ನು ತೋರಿಸುತ್ತದೆ. ಈ ಸಂಖ್ಯೆಯ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಉದಾಹರಣೆಗೆ ಪಿ 0118 ಎಂದು ಬಂದರೆ ನೀರಿನ ಶಾಖದ ಸೆನ್ಸರಿನ ಮಾರ್ಗದಲ್ಲಿ ವೋಲ್ಟೇಜ್ ಅತಿ ಹೆಚ್ಚಾಗಿದೆ ಎಂದರ್ಥ. ಸೆನ್ಸರ್ ಕೆಟ್ಟಿದ್ದರೂ ಹೀಗಾಗಬಹುದು, ವೈರು ತುಂಡಾಗಿದ್ದರೂ ಆಗಬಹುದು, ಕಪ್ಲರ್ ಕಳಚಿದ್ದರೂ ಆಗಬಹುದು. ದೋಷಸಂಖ್ಯೆಯು ಯಾವ ದಾರಿಯಲ್ಲಿ ತೊಂದರೆಯಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಆ ದಾರಿಯ ಯಾವ ಸ್ಥಳದಲ್ಲಿ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಬರೆದುಕೊಂಡು ಮೊದಲು ಆ ದಾರಿಯ ಕಪ್ಲರುಗಳನ್ನು ನೋಡುವುದು ಸೂಕ್ತ.

ಬೇಕಾಗುವ ಸಾಮಗ್ರಿಗಳು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿ ಕಳಚಲು ಸ್ಪ್ಯಾನರ್, ಟಾರ್ಚ್, ಎಲೆಕ್ಟ್ರಾನಿಕ್ ಜೋಡಣೆಗಳಿಗೆಂದೇ ಮಾರುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಮೃದುವಾದ ನೈಲಾನ್ ಕುಂಚ, ಬಿಳಿಯ ಹತ್ತಿ ಬಟ್ಟೆ ಮತ್ತು ಸಿಲಿಕೋನ್ ಗ್ರೀಸ್. ಇವಿಷ್ಟು ಇದ್ದರೆ ಸಾಕು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳು ಮತ್ತು ಹಾಲು ಸಾಗಣೆಯ ಗಾಡಿ ಇಟ್ಟವರು ಇವನ್ನು ಒಂದು ಡಬ್ಬಿಯಲ್ಲಿ ಸದಾ ಸಿದ್ಧವಾಗಿಟ್ಟುಕೊಳ್ಳಬೇಕು.

ಕೆಲಸಕ್ಕೆ ಮುನ್ನ ಎಚ್ಚರಿಕೆಗಳು

- ಗಾಡಿ ವಾರಂಟಿ ಅವಧಿಯಲ್ಲಿದ್ದರೆ ವೈರು ಕತ್ತರಿಸುವುದಾಗಲಿ, ಪಿನ್ನು ಬದಲಿಸುವುದಾಗಲಿ ಮಾಡಬಾರದು. ಕಣ್ಣಿನಿಂದ ನೋಡಿ, ಕಂಡದ್ದನ್ನು ಸೇವಾಕೇಂದ್ರಕ್ಕೆ ತಿಳಿಸಬೇಕು.
- ಎಂಜಿನ್ ತಣ್ಣಗಾದ ಮೇಲೆ ಕೀಲಿ ತೆಗೆದು ಕನಿಷ್ಠ 5 ನಿಮಿಷ ಕಾಯಬೇಕು. ಕೀಲಿ ತೆಗೆದ ನಂತರವೂ ಕಂಪ್ಯೂಟರ್ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಬೇಕು.
- ಬ್ಯಾಟರಿಯ ಮೈನಸ್ ಕೇಬಲನ್ನು ಮೊದಲು ಕಳಚಬೇಕು. ಹಿಂದಕ್ಕೆ ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಈ ಕ್ರಮದಲ್ಲಿ ಮಾಡಿದರೆ ಸ್ಪ್ಯಾನರ್ ಗಾಡಿಯ ಮೈಗೆ ತಗುಲಿ ಕಿಡಿ ಹಾರುವ ಭಯವಿರುವುದಿಲ್ಲ.
- ಹಳದಿ ಬಣ್ಣದ ಕಪ್ಲರುಗಳನ್ನು ಮುಟ್ಟಬಾರದು. ಪಿಕಪ್ ಮತ್ತು ಕಾರುಗಳಲ್ಲಿ ಇವು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು.
- ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಗಳಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1,000 ಕಿ.ಗ್ರಾಂ.ಗೂ ಮೀರಿದ ಒತ್ತಡವಿರುತ್ತದೆ. ಇಂಜೆಕ್ಟರಿನ ವೈರುಗಳಲ್ಲಿ ಎಂಜಿನ್ ನಡೆಯುವಾಗ ಬ್ಯಾಟರಿಗಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜ್ ಇರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಮಾಡುತ್ತಿದ್ದಂತೆ ನಟ್ಟು ಸಡಿಲಿಸಿ ಗಾಳಿ ತೆಗೆಯಲು ಹೋದರೆ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗಬಹುದು. ಇವೆರಡನ್ನೂ ತರಬೇತಿ ಪಡೆದವರಿಗೇ ಬಿಡಬೇಕು.

ಶುಚಿಗೊಳಿಸುವ ವಿಧಾನ

1. ಕಪ್ಲರ್ ಕಳಚುವ ಮೊದಲು ಅದರ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಹೊರಗಿನ ಮಣ್ಣು ಒಳಗೆ ಬೀಳುತ್ತದೆ. ವೈರುಗಳು ಹಾದುಹೋಗಿರುವ ದಾರಿಯನ್ನು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ಅನುಕೂಲ.

2. ಲಾಕನ್ನು ಗುರುತಿಸಬೇಕು. ಕೆಲವಕ್ಕೆ ಒತ್ತುವ ನಾಲಿಗೆ, ಕೆಲವಕ್ಕೆ ಪಕ್ಕಕ್ಕೆ ಎಳೆಯುವ ಬಣ್ಣದ ಪಟ್ಟಿ ಇರುತ್ತದೆ. ಕಂಪ್ಯೂಟರಿನ ದೊಡ್ಡ ಕಪ್ಲರುಗಳಿಗೆ ಸಾಮಾನ್ಯವಾಗಿ ಎತ್ತುವ ಹಿಡಿಯಿರುತ್ತದೆ. ಲಾಕು ಪೂರ್ತಿ ಬಿಟ್ಟ ಮೇಲೆ ಕಪ್ಲರಿನ ಮೈಯನ್ನು ಹಿಡಿದು ನೇರವಾಗಿ ಎಳೆಯಬೇಕು. ವೈರು ಹಿಡಿದು ಎಳೆಯಲೇಬಾರದು.

3. ಟಾರ್ಚಿನ ಬೆಳಕಿನಲ್ಲಿ ಎರಡೂ ಬದಿಗಳನ್ನು ಪರೀಕ್ಷಿಸಬೇಕು. ಹಸಿರು ಪುಡಿ ಕಂಡರೆ ತಾಮ್ರಕ್ಕೆ ಕಿಲುಬು ಹಿಡಿದಿದೆ. ಕಪ್ಪು ಚುಕ್ಕೆ ಕಂಡರೆ ಅಲುಗಾಟದ ಸವೆತ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಆ ಪಿನ್ನು ಕಾದಿದೆ. ಬಿ.ಎಸ್.-6ರ ಕೆಲವು ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿಗೆ ಶೇ. 32.5ರ ಯೂರಿಯಾ ದ್ರಾವಣ ಬಳಸುತ್ತಾರೆ. ಇದು ಸೋರಿದರೆ ವೈರಿನ ಗುಂಟ ಹರಿದು ಬಿಳಿಯ ಹರಳಾಗಿ ಕೂಡುತ್ತದೆ. ಬಿಳಿಯ ಹರಳು ಕಂಡಲ್ಲಿ ಮೊದಲು ಸೋರಿಕೆ ನಿಲ್ಲಿಸಬೇಕು. ಬಾಗಿದ, ಹಿಂದಕ್ಕೆ ಸರಿದ ಪಿನ್ನುಗಳನ್ನೂ ಹರಿದ ಸೀಲನ್ನೂ ಗುರುತು ಮಾಡಿಕೊಳ್ಳಬೇಕು.

4. ಕಾಂಟ್ಯಾಕ್ಟ್ ಕ್ಲೀನರನ್ನು ಎರಡೂ ಬದಿಗೆ ಸಿಂಪಡಿಸಿ, ನೈಲಾನ್ ಕುಂಚದಿಂದ ಗಂಡು ಪಿನ್ನುಗಳನ್ನು ಮೃದುವಾಗಿ ಉಜ್ಜಿ, ಮತ್ತೊಮ್ಮೆ ಸಿಂಪಡಿಸಿ ಕೊಳೆಯನ್ನು ಹರಿದುಹೋಗಲು ಬಿಡಬೇಕು. ಮರಳು ಕಾಗದ, ಬ್ಲೇಡು, ಅರ ಇವುಗಳನ್ನು ಬಳಸಿದರೆ ಕಲಾಯಿ ಹೋಗಿ ಪಿನ್ನು ಮೊದಲಿಗಿಂತ ಬೇಗ ಕಿಲುಬು ಹಿಡಿಯುತ್ತದೆ. ಪೆಟ್ರೋಲ್ ಮತ್ತು ಸೀಮೆಎಣ್ಣೆ ರಬ್ಬರ್ ಸೀಲನ್ನು ಉಬ್ಬಿಸಿ ಕೆಡಿಸುತ್ತವೆ. ಇವುಗಳಿಂದ ಬೆಂಕಿಯ ಅಪಾಯವೂ ಉಂಟು.

5. ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆದರೆ ಅದರಲ್ಲಿರುವ ನೀರು, ಎಣ್ಣೆ ಒಳಸೇರುತ್ತವೆ ಮತ್ತು ಸೀಲು ಜಾಗ ಬಿಡುತ್ತದೆ.

6. ಸಿಲಿಕೋನ್ ಗ್ರೀಸನ್ನು ರಬ್ಬರ್ ಸೀಲಿನ ಸುತ್ತ ತೆಳುವಾಗಿ ಸವರಬೇಕು. ಈ ಗ್ರೀಸ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದರ ಕೆಲಸ ನೀರನ್ನು ದೂರವಿಡುವುದು ಮಾತ್ರ. ಆದ್ದರಿಂದ ಹೆಣ್ಣು ಪಿನ್ನುಗಳ ತೂತಿಗೆ ಗ್ರೀಸ್ ತುಂಬಬಾರದು. ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸನ್ನು ಎಂದಿಗೂ ಬಳಸಕೂಡದು.

7. ಕಪ್ಲರನ್ನು ನೇರವಾಗಿ ಕೂರಿಸಿ, ಲಾಕು ಟಕ್ಕೆಂದು ಬೀಳುವವರೆಗೆ ಒತ್ತಬೇಕು. ಲಾಕು ಮುರಿದಿದ್ದರೆ ದಾರ ಅಥವಾ ತಂತಿ ಕಟ್ಟಿ ತೃಪ್ತಿಪಡದೆ ಕಪ್ಲರಿನ ಹೊರಕವಚವನ್ನೇ ಬದಲಿಸಬೇಕು. ಕಂಪ್ಯೂಟರಿನ ಬೆಲೆಯೊಂದಿಗೆ ಹೋಲಿಸಿದರೆ ಅದರ ಖರ್ಚು ಅತ್ಯಲ್ಪ.

ಹಿಡಿತ ಮತ್ತು ವೋಲ್ಟೇಜ್ ಪರೀಕ್ಷೆ

ಪಿನ್ನು ಶುಚಿಯಾಗಿದ್ದರೆ ಸಾಲದು, ಅದರ ಹಿಡಿತವೂ ಗಟ್ಟಿಯಾಗಿರಬೇಕು. ಅದೇ ಅಳತೆಯ ಬಿಡಿ ಗಂಡು ಪಿನ್ನೊಂದನ್ನು ಹೆಣ್ಣು ಪಿನ್ನಿಗೆ ಸೇರಿಸಿ ಹೊರಗೆಳೆದಾಗ ಸ್ವಲ್ಪ ಬಿಗಿ ಗೊತ್ತಾಗಬೇಕು. ತಾನೇ ಜಾರಿ ಬಿದ್ದರೆ ಆ ಹೆಣ್ಣು ಪಿನ್ನನ್ನು ಬದಲಿಸಬೇಕು. ಪಕ್ಕದ ಪಿನ್ನುಗಳ ಬಿಗಿಯೊಂದಿಗೆ ಹೋಲಿಸಿ ನೋಡಿದರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.

ಮಲ್ಟಿಮೀಟರಿನಲ್ಲಿ ಕೇವಲ ಓಮ್ ಅಳೆದು ವೈರು ಸರಿಯಾಗಿದೆ ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಆದರೆ ಆ ಒಂದು ಎಳೆ ಕೆಲಸದ ವಿದ್ಯುತ್ತನ್ನು ಹೊರಲಾರದು. ನಾಲೆಯ ತೂಬಿನಲ್ಲಿ ನೀರು ತೊಟ್ಟಿಕ್ಕಿದರೆ ತೂಬು ತೆರೆದಿದೆ ಎಂದು ತಿಳಿಯಬಹುದೇ ವಿನಾ ಗದ್ದೆಗೆ ಸಾಕಷ್ಟು ನೀರು ಬರುತ್ತದೆ ಎಂದು ತಿಳಿಯಲಾಗದು. ಆದ್ದರಿಂದ ಎಂಜಿನ್ ನಡೆಯುತ್ತಿರುವಾಗ ಜೋಡಣೆಯಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂಬುದನ್ನು ಅಳೆಯಬೇಕು.

ಮೊದಲು ಬ್ಯಾಟರಿಯನ್ನು ನೋಡಬೇಕು. ಎಂಜಿನ್ ನಿಂತಿರುವಾಗ 12.4ರಿಂದ 12.7 ವೋಲ್ಟ್, ನಡೆಯುತ್ತಿರುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅನಂತರ ಎಂಜಿನ್ ನಡೆಯುತ್ತಿರುವಾಗ ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಕಂಪ್ಯೂಟರಿನ ಅರ್ಥ್ ಬೋಲ್ಟಿಗೂ ತಾಗಿಸಬೇಕು. ಮೀಟರ್ 0.1 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅದಕ್ಕಿಂತ ಹೆಚ್ಚಾಗಿದ್ದರೆ ಎಂಜಿನ್ ನಿಲ್ಲಿಸಿ, ಬ್ಯಾಟರಿ ಕಳಚಿ, ಆ ಬೋಲ್ಟನ್ನು ಬಿಚ್ಚಿ ತುಕ್ಕು ಮತ್ತು ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಗೊಳಿಸಬೇಕು. ಕಪ್ಲರಿನ ಸಣ್ಣ ಪಿನ್ನುಗಳಿಗೆ ನಿಷಿದ್ಧವಾದ ಮರಳು ಕಾಗದವನ್ನು ದಪ್ಪನೆಯ ಈ ಬೋಲ್ಟಿಗೆ ಮತ್ತು ಗಾಡಿಯ ಕಬ್ಬಿಣದ ಮೈಗೆ ಬಳಸಬಹುದು.

0.4 ಓಮ್ ಎಂದರೆ ಅತ್ಯಲ್ಪ ಎನಿಸಬಹುದು. ಆದರೆ 5 ಆಂಪಿಯರ್ ಎಳೆಯುವ ಇಂಧನ ಪಂಪಿನ ದಾರಿಯಲ್ಲಿ ಅಷ್ಟು ನಿರೋಧವಿದ್ದರೆ 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. 12 ವೋಲ್ಟಿನ ಪಂಪು 10 ವೋಲ್ಟಿನಲ್ಲಿ ಓಡಿ, ಏರು ದಾರಿಯಲ್ಲಿ ಎಂಜಿನ್ ಸೋಲುತ್ತದೆ. ಪಂಪು ಬದಲಿಸಿದರೆ ಗುಣವಾಗದು, ಜೋಡಣೆ ಶುಚಿಗೊಳಿಸಿದರೆ ಗುಣವಾಗುತ್ತದೆ.

ಬಂದುಹೋಗುವ ದೋಷವನ್ನು ಹಿಡಿಯಲು ಅಲುಗಾಡಿಸುವ ಪರೀಕ್ಷೆ ಉತ್ತಮ. ಎಂಜಿನ್ನನ್ನು ನಿಧಾನವಾಗಿ ನಡೆಯಲು ಬಿಟ್ಟು, ಫ್ಯಾನು, ಬೆಲ್ಟು ಮತ್ತು ಇಂಜೆಕ್ಟರಿನ ವೈರುಗಳಿಂದ ಕೈ ದೂರವಿಟ್ಟು, ಒಂದೊಂದೇ ಸೆನ್ಸರಿನ ವೈರನ್ನು ಕಪ್ಲರಿನ ಸಮೀಪದಲ್ಲಿ ಮೆಲ್ಲಗೆ ಅಲುಗಾಡಿಸಬೇಕು. ಎಂಜಿನ್ನಿನ ಸದ್ದು ಬದಲಾದರೆ ಅಥವಾ ದೀಪ ಹೊತ್ತಿಕೊಂಡರೆ ದೋಷ ಅಲ್ಲಿಯೇ ಇದೆ. ಸಡಿಲ ಬಟ್ಟೆ, ಟವೆಲು ಧರಿಸಿ ಈ ಕೆಲಸ ಮಾಡಬಾರದು.

ವೈರು ತುಂಡಾಗಿದ್ದರೆ

ಇಲಿ ಕಡಿದ ವೈರುಗಳನ್ನು ತಿರುಚಿ ಟೇಪು ಸುತ್ತಿದರೆ ಕೆಲವು ದಿನಗಳ ಮಟ್ಟಿಗೆ ಗಾಡಿ ಓಡುತ್ತದೆ. ಎಂಜಿನ್ನಿನ ಶಾಖಕ್ಕೆ ಟೇಪಿನ ಅಂಟು ಕರಗಿ ಬಿಚ್ಚಿಕೊಂಡ ಮೇಲೆ ದೋಷ ಮತ್ತೆ ತಲೆಹಾಕುತ್ತದೆ. ಅದೇ ದಪ್ಪದ ವೈರನ್ನು ಒತ್ತು ತೋಳಿನಲ್ಲಿ ಸೇರಿಸಿ, ಸರಿಯಾದ ಇಕ್ಕಳದಿಂದ ಒತ್ತಿ, ಒಳಗೆ ಅಂಟಿರುವ ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಬೇಕು. ನಡುಗುವ ಜಾಗದಲ್ಲಿ ಸೀಸದ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಪೆಡಸಾಗಿ ಮುರಿಯುವುದುಂಟು. ಹಲವು ವೈರುಗಳು ತುಂಡಾಗಿದ್ದರೆ ಎಲ್ಲ ಜೋಡಣೆಗಳೂ ಒಂದೇ ಜಾಗದಲ್ಲಿ ಬಾರದಂತೆ ಹಿಂದೆಮುಂದೆ ಹಾಕಬೇಕು. ಎರಡು ವೈರುಗಳು ಒಂದಕ್ಕೊಂದು ಹೊಸೆದುಕೊಂಡಿದ್ದರೆ ಆ ಹೊಸೆತವನ್ನು ಬಿಚ್ಚಿ ನೇರಮಾಡಬಾರದು. ಹೊರಗಿನ ವಿದ್ಯುತ್ತಿನ ಅಡಚಣೆ ಸುದ್ದಿಯಲ್ಲಿ ಬೆರೆಯದಂತೆ ಆ ಹೊಸೆತ ತಡೆಯುತ್ತದೆ.

ಮಾಡಲೇಬಾರದ ಕೆಲಸಗಳು

ಟ್ರೈಲರಿನ ಕೊಂಡಿಯನ್ನೋ ಗಾಡಿಯ ಮೈಯನ್ನೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ಕೇಬಲುಗಳನ್ನೂ ಕಂಪ್ಯೂಟರಿನ ಕಪ್ಲರುಗಳನ್ನೂ ಕಳಚಿರಬೇಕು. ವೆಲ್ಡಿಂಗಿನ ಅರ್ಥ್ ಹಿಡಿಕೆಯನ್ನು ಬೆಸುಗೆಯ ಜಾಗಕ್ಕೆ ಆದಷ್ಟು ಹತ್ತಿರ ಹಾಕಬೇಕು. ಟ್ರೈಲರನ್ನು ಬೇರ್ಪಡಿಸಿ ವೆಲ್ಡಿಂಗ್ ಮಾಡಿಸುವುದು ಇನ್ನೂ ಕ್ಷೇಮ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ಕೇಬಲ್ ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಚಾಲೂ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಸುಡಬಹುದು. ನೆರೆಯವರ ಗಾಡಿಯ ಕಂಪ್ಯೂಟರನ್ನು ತಂದು ಹಾಕಿ ನೋಡುವುದೂ ಬೇಡ. ಕಳ್ಳತನ ತಡೆಯಲು ಕೀಲಿಯೊಂದಿಗೆ ಹೊಂದಿಸಿದ ಕಂಪ್ಯೂಟರ್ ಬೇರೆ ಗಾಡಿಯಲ್ಲಿ ಚಾಲೂ ಆಗದಿರಬಹುದು. ಆಗ ಒಳ್ಳೆಯ ಕಂಪ್ಯೂಟರೂ ಕೆಟ್ಟಂತೆ ಕಾಣುತ್ತದೆ.

ಬೆಳೆಗಾರಿಕೆಯ ವರ್ಷಕ್ಕೆ ಹೊಂದಿಕೊಂಡ ಆರೈಕೆ

ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ: ಬ್ಯಾಟರಿ ಕಂಬ, ಅರ್ಥ್ ಬೋಲ್ಟು ಮತ್ತು ಕಂಪ್ಯೂಟರಿನ ಕಪ್ಲರುಗಳನ್ನು ಒಮ್ಮೆ ಪರೀಕ್ಷಿಸಬೇಕು. ಸೀಲು ಹರಿದಿದ್ದರೆ ಮಳೆ ಬರುವ ಮೊದಲೇ ಬದಲಿಸಬೇಕು. ದೋಷವಿಲ್ಲದ ಕಪ್ಲರುಗಳನ್ನು ಸುಮ್ಮನೆ ಪದೇ ಪದೇ ಕಳಚಬಾರದು. ಕಳಚಿ ಸೇರಿಸಿದಷ್ಟೂ ಕಲಾಯಿ ಸವೆಯುತ್ತದೆ.

ನಾಟಿಯ ಕಾಲದಲ್ಲಿ: ಕೆಸರುಗದ್ದೆಯ ಕೆಲಸದ ನಂತರ ಎಂಜಿನ್ ತಣ್ಣಗಾಗುವವರೆಗೆ ತೊಳೆಯಬಾರದು. ಚಕ್ರ ಮತ್ತು ಹೊರಮೈಗೆ ಮಾತ್ರ ಪಂಪಿನ ನೀರು ಬಿಟ್ಟು, ಎಂಜಿನ್ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಗೊಬ್ಬರ ಸಾಗಿಸಿದ ದಿನ ಧೂಳನ್ನು ಮೊದಲು ಒಣಗಿರುವಾಗಲೇ ಕೊಡವಬೇಕು.

ಕಟಾವು ಮತ್ತು ಒಕ್ಕಣೆಯ ನಂತರ: ಎಂಜಿನ್ ಮೇಲೆ ಕೂತ ಹೊಟ್ಟು, ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಗಾಡಿಯನ್ನು ಮೆದೆಯಿಂದಲೂ ಕೊಟ್ಟಿಗೆಯಿಂದಲೂ ದೂರ ನಿಲ್ಲಿಸಿ, ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ಇಲಿಯ ಹಿಕ್ಕೆ, ಕಡಿದ ತುಣುಕು ಇವೆಯೇ ಎಂದು ನೋಡಬೇಕು. ಸಮೀಪದಲ್ಲಿ ಇಲಿಬೋನು ಇಡುವುದು ಲೇಸು.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಂಪ್ಯೂಟರ್ ಬದಲಿಸಬೇಕೆಂದು ಯಾರಾದರೂ ಹೇಳಿದಾಗ ಮಾಲೀಕರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಅವರ ಹಕ್ಕು. ಯಾವ ದೋಷಸಂಖ್ಯೆ ಬಂದಿದೆ? ಕಂಪ್ಯೂಟರಿಗೆ ಪ್ಲಸ್ ಮತ್ತು ಅರ್ಥ್ ಸರಿಯಾಗಿ ಬರುತ್ತಿವೆ ಎಂದು ಎಂಜಿನ್ ನಡೆಯುತ್ತಿರುವಾಗ ಅಳೆದು ನೋಡಿದ್ದಾರೆಯೇ? ಆ ದಾರಿಯ ಕಪ್ಲರುಗಳನ್ನು ಕಳಚಿ ಪಿನ್ನುಗಳನ್ನು ಪರೀಕ್ಷಿಸಿದ್ದಾರೆಯೇ? ಶುಚಿಗೊಳಿಸಿ ದೋಷಸಂಖ್ಯೆಯನ್ನು ಅಳಿಸಿದ ಮೇಲೆ ಅದು ಮತ್ತೆ ಬಂದಿದೆಯೇ? ಈ ನಾಲ್ಕಕ್ಕೂ ತೃಪ್ತಿಕರ ಉತ್ತರ ದೊರೆತ ಮೇಲೆಯೇ ಹಣ ಕೊಡುವ ಯೋಚನೆ ಮಾಡಬೇಕು. ಭಾಗ ಬದಲಿಸಿದರೆ ಹಳೆಯದನ್ನು ಮತ್ತು ರಸೀದಿಯನ್ನು ಕೇಳಿ ಪಡೆಯಬೇಕು.

ನಿಜವಾಗಿಯೂ ಕಂಪ್ಯೂಟರ್ ಕೆಡುವ ಸಂದರ್ಭಗಳೂ ಇವೆ. ಪೆಟ್ಟಿಗೆಯೊಳಗೆ ನೀರು ನುಗ್ಗಿದ್ದರೆ, ವೆಲ್ಡಿಂಗಿನಿಂದ ಅಥವಾ ಬ್ಯಾಟರಿ ತಿರುಗಾಮುರುಗಾ ಜೋಡಿಸಿದ್ದರಿಂದ ಸುಟ್ಟಿದ್ದರೆ, ಬದಲಿಸದೆ ಅಥವಾ ತಜ್ಞರಲ್ಲಿ ದುರಸ್ತಿ ಮಾಡಿಸದೆ ಗತ್ಯಂತರವಿಲ್ಲ. ಆಗಲೂ ಹೊಸದನ್ನು ಕೂರಿಸುವ ಮೊದಲು ಹಳೆಯದನ್ನು ಕೆಡಿಸಿದ ಕಾರಣವನ್ನು ಕಂಡುಹಿಡಿದು ಸರಿಪಡಿಸಬೇಕು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಮತ್ತು ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳ ಮೇಲ್ವಿಚಾರಕರು ಗ್ರಾಮದ ಯುವಕರಿಗೆ ಮಲ್ಟಿಮೀಟರ್ ಬಳಕೆಯನ್ನೂ ಮೇಲಿನ ಪರೀಕ್ಷೆಗಳನ್ನೂ ಒಂದು ಗಾಡಿಯ ಮುಂದೆ ನಿಲ್ಲಿಸಿ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡುವುದು ಒಳ್ಳೆಯದು. 50 ಅಶ್ವಶಕ್ತಿಗಿಂತ ಕಡಿಮೆಯ ಬಹುಪಾಲು ಟ್ರ್ಯಾಕ್ಟರುಗಳು ಹಳೆಯ ಬಗೆಯ ಇಂಧನ ಪಂಪಿನಲ್ಲಿಯೇ ನಡೆಯುತ್ತವೆ. ಅವುಗಳಿಗೂ ಬ್ಯಾಟರಿ, ಸ್ಟಾರ್ಟರ್ ಮತ್ತು ದೀಪಗಳ ಜೋಡಣೆಗೆ ಈ ಕ್ರಮಗಳೇ ಅನ್ವಯಿಸುತ್ತವೆ. ಒಂದು ಡಬ್ಬಿ ಕ್ಲೀನರ್, ಒಂದು ಮೀಟರ್ ಮತ್ತು ಅರ್ಧ ದಿನದ ತಾಳ್ಮೆಯಿಂದ ಹತ್ತಾರು ಸಾವಿರ ರೂಪಾಯಿಗಳ ಖರ್ಚು ತಪ್ಪುವುದಷ್ಟೇ ಅಲ್ಲದೆ, ಕಟಾವಿನ ದಿನ ಗಾಡಿ ಗದ್ದೆಯಲ್ಲಿ ನಿಲ್ಲುವುದೂ ತಪ್ಪುತ್ತದೆ.